ನಗುವಿಗೆ ಇಟ್ಟ ಮೈ: ವೈಜನಾಥ ಬಿರಾದಾರ ಎಂಬ ನಟನ ಕುರಿತು

ನಮ್ಮ ಗುಂಜಹಳ್ಳಿಯಲ್ಲಿ ಮನೆಮನೆಗೆ ಟಿ.ವಿ. ಬಂದ ಮೇಲೂ ಕೇರಿಯ ಮಂದಿ ಒಂದೇ ಮನೆಯಲ್ಲಿ ಕೂಡಿ ನೋಡುವ ರೂಢಿ ಬಹಳ ದಿನ ಉಳಿದಿತ್ತು. ರಾಯಚೂರು ಸೀಮೆ ಅಂದಮೇಲೆ ತೆಲುಗು ಸಿನಿಮಾದ ಹುಚ್ಚೇ ಹೆಚ್ಚು. ಕನ್ನಡ ಅಂದರೆ ಹಳೆ ಸಿನಿಮಾಗಳಿಂದ ಕತ್ತರಿಸಿ ತೋರಿಸುವ ಹಾಸ್ಯದ ತುಣುಕುಗಳು. ಅಂಥ ಒಂದು ರಾತ್ರಿ ಪರದೆ ಮೇಲೆ ಸಣಕಲು ಮೈಯ, ಗುಳಿಬಿದ್ದ ಗಲ್ಲದ, ಹರಕಂಗಿಯ ಒಬ್ಬ ಕುಡುಕ ಬಂದ. ಬಾಯಿ ತೆಗೆದರೆ ನಮ್ಮ ಕಡೆಯ ಮಾತು. ಎಲ್ಲರೂ ಬಿದ್ದು ಬಿದ್ದು ನಕ್ಕೆವು. ಗೋಡೆಗೆ ಒರಗಿ ಕುಂತಿದ್ದ ನಮ್ಮ ದೊಡ್ಡಪ್ಪ ಮಾತ್ರ ನಗಲಿಲ್ಲ. "ಇವ ನಮ್ಮ ಮಂದಿ ಇದ್ದಂಗ ಅದಾನಲ್ಲೋ ತಮ್ಮಾ. ಇವನ್ನ ಯಾಕ ಯಾವಾಗ್ಲೂ ಕುಡುಕನ್ನ ಮಾಡ್ತಾರ?" ಅಂತ ಕೇಳಿದ. ಆಗ ಯಾರೂ ಉತ್ತರ ಕೊಡಲಿಲ್ಲ. ಈ ಬರಹ ಆ ಪ್ರಶ್ನೆಯ ಬೆನ್ನು ಹತ್ತಿ ಹೊರಟದ್ದು.

ಆ ನಟ ವೈಜನಾಥ ಬಿರಾದಾರ. ಬೀದರ್ ಜಿಲ್ಲೆ, ಭಾಲ್ಕಿ ತಾಲ್ಲೂಕಿನ ತೇಗಂಪುರದವರು. ಬಡತನದಿಂದ, ನಾಟಕದ ದಾರಿ ಹಿಡಿದು ಬೆಂಗಳೂರಿನ ಸಿನಿಮಾಕ್ಕೆ ಹೋದವರು. ಬೀದರಿನಿಂದ ಬೆಂಗಳೂರಿಗೆ ಸುಮಾರು 700 ಕಿಲೋಮೀಟರು. ಹೈದರಾಬಾದು ಅದಕ್ಕಿಂತ ಎಷ್ಟೋ ಹತ್ತಿರ. ಅಷ್ಟು ದೂರ ನಡೆದುಹೋದ ಈ ಮನುಷ್ಯನಿಗೆ ಕನ್ನಡ ಸಿನಿಮಾ ದಶಕಗಟ್ಟಲೆ ಕೊಟ್ಟದ್ದು ಮುಖ್ಯವಾಗಿ ಎರಡು ಪಾತ್ರ: ಭಿಕ್ಷುಕ ಮತ್ತು ಕುಡುಕ. ನೂರಾರು ಸಿನಿಮಾಗಳಲ್ಲಿ ಅವರು ಬಂದುಹೋಗಿದ್ದಾರೆ. ಮುಖ ಕಂಡರೆ ಎಲ್ಲರಿಗೂ ಗೊತ್ತು. ಹೆಸರು ಕೇಳಿದರೆ ಹತ್ತರಲ್ಲಿ ಎಂಟು ಮಂದಿ ತಲೆ ಕೆರೆದುಕೊಳ್ಳುತ್ತಾರೆ.

ಇಲ್ಲಿ ಒಂದು ಮಾತು ಮೊದಲೇ ಹೇಳಬೇಕು. ಬಿರಾದಾರರ ಜಾತಿ ಯಾವುದೆಂಬುದು ನನ್ನ ಪ್ರಶ್ನೆಯಲ್ಲ. ನಮ್ಮ ಕಡೆ ಬಿರಾದಾರ ಎಂಬ ಅಡ್ಡಹೆಸರನ್ನು ಹಲವು ಜಾತಿಯವರು ಇಟ್ಟುಕೊಳ್ಳುತ್ತಾರೆ, ಹೆಸರು ಹಿಡಿದು ಯಾರೂ ಏನನ್ನೂ ಹೇಳಲಾಗದು, ಹೇಳಬಾರದು ಕೂಡ. ನನಗೆ ಬೇಕಾಗಿರುವುದು ಪಾತ್ರಗಳ ಜಾತಿ. ಪರದೆ ಮೇಲೆ ಯಾರ ಮೈಯನ್ನು ಯಾವ ಕೆಲಸಕ್ಕೆ ಇಟ್ಟಿದ್ದಾರೆ ಎಂಬ ಲೆಕ್ಕ. ದಲಿತ ವಿಮರ್ಶೆ ಲೇಖಕನ ಹುಟ್ಟನ್ನು ಮಾತ್ರ ನೋಡಿ ಸುಮ್ಮನಾಗುವ ವಿಮರ್ಶೆ ಆಗಬಾರದು ಎಂದು ನಾನು ತಿಳಿದಿದ್ದೇನೆ. ಕಾದಂಬರಿಯಲ್ಲಿ ಮಾತು ಇದೆ, ಸಿನಿಮಾದಲ್ಲಿ ಮೈ ಇದೆ. ಮೈಯನ್ನು ಓದುವುದನ್ನು ನಾವಿನ್ನೂ ಸರಿಯಾಗಿ ಕಲಿತಿಲ್ಲ.

ಸಣ್ಣ ಪಾತ್ರದ ನಟನ ಮೈ ಹೇಗೆ ಒಂದು ಚೀಟಿಯಾಗಿಬಿಡುತ್ತದೆ ಎಂಬುದನ್ನು ನೋಡೋಣ. ಎರಡು ನಿಮಿಷದ ದೃಶ್ಯಕ್ಕೆ ಬರುವ ಪಾತ್ರಕ್ಕೆ ಹಿನ್ನೆಲೆ ಬರೆಯುವ ವ್ಯವಧಾನ ಯಾವ ನಿರ್ದೇಶಕನಿಗೂ ಇಲ್ಲ. ಹಾಗಾಗಿ, ಬಂದು ನಿಂತ ಕೂಡಲೇ ತನ್ನನ್ನು ತಾನೇ ಹೇಳಿಕೊಳ್ಳುವ ಮುಖ ಬೇಕು. ಮೈ ಸಣಕಲಾಗಿದ್ದರೆ, ಬಣ್ಣ ಕಪ್ಪಾಗಿದ್ದರೆ, ಗಲ್ಲ ಒಳಹೋಗಿದ್ದರೆ ಅವನು ಬಡವ. ಬಡವ ಅಂದಮೇಲೆ ಭಿಕ್ಷುಕ ಇಲ್ಲವೆ ಕುಡುಕ. ಹಸಿವು ಮಾಡಿದ ಮೈಯನ್ನೇ ನಗೆಪಾಟಲಿನ ಮೈ ಮಾಡುವ ಈ ಹಂಚಿಕೆಯಲ್ಲಿ ಯಾರೂ ದುಷ್ಟರಾಗಿರಬೇಕಿಲ್ಲ. ಒಂದು ಸಿನಿಮಾದಲ್ಲಿ ನಕ್ಕರು ಅಂದರೆ ಮುಂದಿನ ಸಿನಿಮಾದ ಮ್ಯಾನೇಜರು ಅದೇ ಪಾತ್ರಕ್ಕೆ ಅವನನ್ನೇ ಕರೆಸುತ್ತಾನೆ. ಕರೆದಲ್ಲಿಗೆ ಹೋಗದಿದ್ದರೆ ಒಲೆ ಉರಿಯುವುದಿಲ್ಲ. ಹೀಗೆ ಒಂದು ಪಾತ್ರ ನಟನಿಗೆ ಕುಲಕಸುಬಾಗುತ್ತದೆ. ಹುಟ್ಟಿನಿಂದ ಬಂದ ಕಸುಬನ್ನು ಬಿಟ್ಟು ಪಟ್ಟಣ ಸೇರಿದವನಿಗೆ ಪಟ್ಟಣ ಮತ್ತೊಂದು ಕುಲಕಸುಬನ್ನು ಕಟ್ಟುವುದೆಂದರೆ ಇದೇ.

ಇದರ ಜೊತೆಗೆ ಮಾತಿನದೊಂದು ಗಾಯ ಇದೆ. ರಾಯಚೂರು, ಬೀದರ್, ಕಲಬುರಗಿ 1948ರ ಸೆಪ್ಟೆಂಬರದವರೆಗೆ ನಿಜಾಮನ ರಾಜ್ಯ. 1956ರಲ್ಲಿ ಮೈಸೂರು ರಾಜ್ಯಕ್ಕೆ ಸೇರಿದೆವು. 2019ರಲ್ಲಿ ನಮಗೆ ಕಲ್ಯಾಣ ಕರ್ನಾಟಕ ಎಂದು ಹೊಸ ಹೆಸರಿಟ್ಟರು. ಹೆಸರು ಬದಲಾಯಿತು, ಸಿನಿಮಾದಲ್ಲಿ ನಮ್ಮ ಮಾತಿನ ಜಾಗ ಬದಲಾಗಲಿಲ್ಲ. ನಾಯಕ ಪ್ರೀತಿ ಮಾಡುವುದು ಮೈಸೂರು-ಬೆಂಗಳೂರಿನ ಕನ್ನಡದಲ್ಲಿ. "ಏನಂತಿ", "ಹ್ಯಾಂಗ", "ಬರ್ತದ" ಎಂಬುವು ಕೇಳಿಸುವುದು ಬಹುಮಟ್ಟಿಗೆ ಗೌಡನ ಆಳಿನ ಬಾಯಲ್ಲಿ, ಖಳನ ಬಾಯಲ್ಲಿ, ಕುಡಿದು ಬಿದ್ದವನ ಬಾಯಲ್ಲಿ. ಅಪವಾದಗಳು ಇಲ್ಲವೆಂದಲ್ಲ. ಟಿ.ವಿ. ಧಾರಾವಾಹಿಗಳದೂ ಇದೇ ಚಾಳಿ: ದೊಡ್ಡಮನೆಯ ಸೊಸೆ ಗ್ರಾಂಥಿಕಕ್ಕೆ ಹತ್ತಿರದ ಕನ್ನಡ ಆಡುತ್ತಾಳೆ, ಅಡಿಗೆ ಮನೆಯ ಹೆಂಗಸು ಬಂದರೆ ಭಾಷೆಗೊಂದು ಊರು ಬರುತ್ತದೆ. ಊರು ಇಲ್ಲದ ಭಾಷೆ ಯಜಮಾನನದು, ಊರು ಇರುವ ಭಾಷೆ ಆಳಿನದು. ಬಿರಾದಾರರ ಬಾಯಿಯಲ್ಲಿ ನಮ್ಮ ಮಾತು ಕೇಳಿ ನಾವು ನಕ್ಕೆವಲ್ಲ, ಆ ನಗುವಿನಲ್ಲಿ ನಮ್ಮನ್ನು ನಾವು ಹೊರಗಿನವರ ಕಣ್ಣಿಂದ ನೋಡಿಕೊಂಡದ್ದೂ ಸೇರಿತ್ತು.

ಕನ್ನಡ ಸಿನಿಮಾ ಕೆಳಗಿನವರನ್ನು ಮುಟ್ಟಿಯೇ ಇಲ್ಲ ಎಂದರೆ ಅದು ಸುಳ್ಳು. ಮುಟ್ಟಿದ ಬಗೆಯನ್ನು ನೋಡಬೇಕು. 1954ರ 'ಬೇಡರ ಕಣ್ಣಪ್ಪ'ದಲ್ಲಿ ಗಾಜನೂರಿನ ಮುತ್ತುರಾಜು ರಾಜಕುಮಾರ್ ಆದರು. ಕಂಪನಿ ನಾಟಕದಿಂದ ಬಂದ, ಕೆಳಜಾತಿಯ ಬಡ ಮನೆತನದ ನಟ, ಆಡಿದ್ದು ಬೇಡನ ಪಾತ್ರ. ಬೇಡ ಜನಾಂಗ ದೊಡ್ಡ ಸಂಖ್ಯೆಯಲ್ಲಿರುವ ನಮ್ಮ ಸೀಮೆಗೆ ಇದು ಸಣ್ಣ ಮಾತಲ್ಲ. ಆದರೆ ಆ ಬೇಡ ಬರಿಯ ಬೇಡನಲ್ಲ, ಶಾಪ ತಗುಲಿ ಭೂಮಿಗೆ ಬಿದ್ದ ಮೇಲಿನ ಲೋಕದವನು. ಬೇಡನಾಗಿ ಹುಟ್ಟಿದವನೇ ಅಷ್ಟು ಎತ್ತರಕ್ಕೆ ಏರಿದ ಎಂದು ಒಪ್ಪುವ ಧೈರ್ಯ ಕಥೆಗೆ ಇರಲಿಲ್ಲ.

ಆಮೇಲೆ 'ಚೋಮನ ದುಡಿ'. ಶಿವರಾಮ ಕಾರಂತರ 1933ರ ಕಾದಂಬರಿಯನ್ನು ಬಿ.ವಿ. ಕಾರಂತರು 1975ರಲ್ಲಿ ಸಿನಿಮಾ ಮಾಡಿದರು. ಬಸವಲಿಂಗಪ್ಪನವರ ಬೂಸಾ ಮಾತಿನ ಗದ್ದಲ ಎದ್ದದ್ದು 1973ರಲ್ಲಿ. ದಲಿತ ಹುಡುಗರು ಬೀದಿಗೆ ಇಳಿದು, ಹಾಡು ಕಟ್ಟಿ, ಸಂಘಟನೆ ಕಟ್ಟುತ್ತಿದ್ದ ಅದೇ ಹೊತ್ತಿಗೆ ಬೆಳ್ಳಿಪರದೆಯ ಮೇಲೆ ಚೋಮ ಭೂಮಿಗಾಗಿ ಹಂಬಲಿಸಿ, ಗುಡಿಸಲ ಬಾಗಿಲು ಹಾಕಿಕೊಂಡು ದುಡಿ ಬಾರಿಸುತ್ತ ಸತ್ತ. ಸಿನಿಮಾಕ್ಕೆ ಸ್ವರ್ಣಕಮಲ ಬಂತು, ಚೋಮನಾದ ಎಂ.ವಿ. ವಾಸುದೇವರಾವ್ ಅವರಿಗೆ ರಾಷ್ಟ್ರದ ಶ್ರೇಷ್ಠ ನಟ ಪ್ರಶಸ್ತಿ ಬಂತು. ವಾಸುದೇವರಾಯರ ಅಭಿನಯ ದೊಡ್ಡದು, ಅದನ್ನು ಕಡಿಮೆ ಮಾಡಿ ಹೇಳುವ ಕಾರಣ ನನಗಿಲ್ಲ. ಆದರೆ ಚೋಮನ ಮೈಯನ್ನು ಕೇರಿಯ ಹೊರಗಿಂದ ಬಂದ ನಟನೊಬ್ಬ ಧರಿಸಿ, ಕಳಚಿ, ಪ್ರಶಸ್ತಿ ಪಡೆಯಬಹುದು. ಕೇರಿಯ ನಟನಿಗೆ ಮಾತ್ರ ಅರಮನೆಯ ಮೈ ಧರಿಸುವ ಹಕ್ಕು ಸುಲಭಕ್ಕೆ ಸಿಗುವುದಿಲ್ಲ.

ಇದು ಬರಿಯ ಕನ್ನಡದ ಮಾತಲ್ಲ. ಮಲಯಾಳದ ಮೊದಲ ಸಿನಿಮಾ ಎನ್ನುವ 'ವಿಗತಕುಮಾರನ್'ನಲ್ಲಿ ಪಿ.ಕೆ. ರೋಸಿ ಎಂಬ ಪುಲಯ ಹೆಣ್ಣುಮಗಳು ನಾಯರ್ ಹೆಂಗಸಿನ ಪಾತ್ರ ಮಾಡಿದಳು. 1930ರ ಸುಮಾರಿಗೆ ತಿರುವನಂತಪುರದಲ್ಲಿ ಸಿನಿಮಾ ತೆರೆಗೆ ಬಂದಾಗ ಮೇಲ್ಜಾತಿ ಜನ ರೊಚ್ಚಿಗೆದ್ದರು; ರೋಸಿ ಊರನ್ನೇ ಬಿಟ್ಟು ಓಡಬೇಕಾಯಿತು. ಮೇಲಿನವ ಕೆಳಗಿನವನ ಪಾತ್ರ ಮಾಡಿದರೆ ಕಲೆ, ಕೆಳಗಿನವಳು ಮೇಲಿನವಳ ಪಾತ್ರ ಮಾಡಿದರೆ ಅಪರಾಧ. ನಮ್ಮ ಪಕ್ಕದ ಮರಾಠಿಯಲ್ಲಿ ನಾಗರಾಜ ಮಂಜುಳೆ 2013ರ 'ಫಂಡ್ರಿ'ಗೆ ಸೊಲ್ಲಾಪುರ ಜಿಲ್ಲೆಯ ಹಳ್ಳಿಯೊಂದರಲ್ಲಿ ಹಲಗೆ ಬಾರಿಸುತ್ತಿದ್ದ ಹುಡುಗ ಸೋಮನಾಥ ಅವಘಡೆಯನ್ನೇ ಕರೆತಂದರು. ಆ ಹುಡುಗನಿಗೆ ರಾಷ್ಟ್ರಪ್ರಶಸ್ತಿ ಬಂತು. ಹಲಗೆ ಹಿಡಿದ ಕೈಯೇ ಹಲಗೆ ಹಿಡಿದರೆ ಪರದೆಯ ಮೇಲೆ ಏನಾಗುತ್ತದೆ ಎಂಬುದಕ್ಕೆ ಆ ಸಿನಿಮಾ ನೋಡಬೇಕು.

ಈಗ ಬಿರಾದಾರರಿಗೆ ಮರಳೋಣ. ಅವರ ಬದುಕಿನ ಆ ಒಂದು ಪಾತ್ರ ಹುಟ್ಟಿದ್ದು ನಮ್ಮ ರಾಯಚೂರು ಜಿಲ್ಲೆಯಿಂದ ಬಂದ ಒಂದು ಕತೆಯಲ್ಲಿ. ಮಾನ್ವಿ ತಾಲ್ಲೂಕಿನ ನುಗಡೋಣಿಯಿಂದ ಬಂದ, ಹಂಪಿಯ ಕನ್ನಡ ವಿಶ್ವವಿದ್ಯಾಲಯದಲ್ಲಿ ಅಧ್ಯಾಪಕರಾಗಿದ್ದ ಅಮರೇಶ ನುಗಡೋಣಿ ಅವರ ಕತೆ 'ಸವಾರಿ'. ಗಿರೀಶ ಕಾಸರವಳ್ಳಿ ಅದನ್ನು 'ಕನಸೆಂಬೋ ಕುದುರೆಯನೇರಿ' ಎಂಬ ಸಿನಿಮಾ ಮಾಡಿದರು. 2010ರಲ್ಲಿ ಅದು ರಾಟರ್‌ಡ್ಯಾಮ್ ಚಿತ್ರೋತ್ಸವದಲ್ಲಿ ತೋರಿಸಲ್ಪಟ್ಟಿತು. 2009ರ ಸಾಲಿನ ರಾಷ್ಟ್ರಪ್ರಶಸ್ತಿಗಳಲ್ಲಿ ಶ್ರೇಷ್ಠ ಕನ್ನಡ ಚಿತ್ರ ಎನಿಸಿತು. ಚಿತ್ರಕತೆಗೆ ಕಾಸರವಳ್ಳಿ ಮತ್ತು ಗೋಪಾಲಕೃಷ್ಣ ಪೈ ಅವರಿಗೆ ಪ್ರಶಸ್ತಿ ಬಂತು.

ಕತೆ ಇಷ್ಟು. ಈರ್ಯಾ ಊರಿಗೆ ಗೋರಿ ತೋಡುವವ. ಅವನ ಹೆಂಡತಿ ರುದ್ರಿ. ಈರ್ಯಾನ ಕನಸಿನಲ್ಲಿ ಸಿದ್ಧ ಕುದುರೆ ಏರಿ ಬಂದರೆ ಊರಲ್ಲಿ ಒಂದು ಸಾವು ಖಚಿತ ಎಂಬುದು ಅವರ ನಂಬಿಕೆ. ಊರ ಗೌಡ ಹಾಸಿಗೆ ಹಿಡಿದಿದ್ದಾನೆ. ಸಿದ್ಧ ಕನಸಿನಲ್ಲಿ ಬರುತ್ತಾನೆ. ಈರ್ಯಾ ಹೋಗಿ ವಿಚಾರಿಸಿದರೆ ಯಾರೂ ಸತ್ತಿಲ್ಲ ಎನ್ನುತ್ತಾರೆ. ಇಷ್ಟು ವರ್ಷ ಸುಳ್ಳಾಗದ ಕನಸು ಈಗ ಸುಳ್ಳಾಯಿತೇ? ಸಿದ್ಧ ತನ್ನ ಕೈಬಿಟ್ಟನೇ? ಈರ್ಯಾ ಒಳಗೊಳಗೇ ಕುಸಿಯುತ್ತಾನೆ. ಸಿನಿಮಾ ಅಲ್ಲಿಂದ ಹಿಂದಕ್ಕೆ ಹೋಗಿ ಅದೇ ಘಟನೆಗಳನ್ನು ಮತ್ತೊಮ್ಮೆ ಹೇಳುತ್ತದೆ, ಈ ಸಲ ದೊಡ್ಡಮನೆಯ ಒಳಗಿಂದ. ಕನಸು ಸುಳ್ಳಾಗಿರಲಿಲ್ಲ. ಗೌಡ ಸತ್ತದ್ದು ನಿಜ. ಮನೆಯವರು ತಮ್ಮ ತಮ್ಮ ಲೆಕ್ಕಾಚಾರಕ್ಕಾಗಿ ಹೆಣವನ್ನು ಮುಚ್ಚಿಟ್ಟಿದ್ದರು.

ಈ ಕಟ್ಟುವಿಕೆ ಬರಿಯ ಜಾಣತನವಲ್ಲ ಎಂದು ನನಗನ್ನಿಸುತ್ತದೆ. ಮೊದಲ ಸುತ್ತಿನಲ್ಲಿ ಪ್ರೇಕ್ಷಕರಾದ ನಾವು ಈರ್ಯಾನನ್ನು ನೋಡಿ ಮರುಗುತ್ತೇವೆ. ಪಾಪ, ಮೂಢ, ಕನಸು ನಂಬಿದವ. ಓದಿದವರಿಗಂತೂ ಆ ಮರುಕ ಬಹಳ ಸಲೀಸು. ಎರಡನೆಯ ಸುತ್ತಿನಲ್ಲಿ ಆ ಮರುಕ ನಮ್ಮ ಮುಖಕ್ಕೇ ಹೊಡೆಯುತ್ತದೆ. ಗೋರಿ ತೋಡುವವನಿಗೆ ಸತ್ಯ ಗೊತ್ತಿತ್ತು. ಅದನ್ನು ಊರಿಗೆ ಸಾರುವ ಅಧಿಕಾರ ಅವನಿಗಿರಲಿಲ್ಲ, ಅಷ್ಟೆ. ಒಂದು ಸಾವು ಆಗಿದೆಯೋ ಇಲ್ಲವೋ ಎಂಬುದನ್ನು ಕೂಡ ತೀರ್ಮಾನಿಸುವವರು ದೊಡ್ಡಮನೆಯವರು. ಕರಂಚೇಡುವಿನಿಂದ ಕಂಬಾಲಪಲ್ಲಿಯವರೆಗೆ ದಲಿತರ ಸಾವುಗಳಲ್ಲಿ ಏನು ನಡೆಯಿತು, ಯಾರು ಸಾಕ್ಷಿ, ಯಾರ ಮಾತು ಮಾತು ಎಂಬ ಜಗಳವನ್ನು ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ನಮ್ಮ ಚಳವಳಿಯ ಗೆಳೆಯರು ಇಲ್ಲಿ ತಕರಾರು ತೆಗೆಯುತ್ತಾರೆ, ತೆಗೆಯಬೇಕು. ಸಿದ್ಧನ ಕನಸೇ ಈರ್ಯಾನನ್ನು ಗೋರಿಯ ತಗ್ಗಿಗೆ ಕಟ್ಟಿಹಾಕಿದೆಯಲ್ಲ? ಬಿಟ್ಟಿ ಚಾಕರಿಗೆ ದೇವರ ಮುದ್ರೆ ಒತ್ತಿದರೆ ಅದು ಬಿಡುಗಡೆಯೋ, ಇನ್ನೊಂದು ಸರಪಳಿಯೋ? ಅಂಬೇಡ್ಕರರನ್ನು ಓದಿದ ಯಾರೂ ಈ ಪ್ರಶ್ನೆಯನ್ನು ದಾಟಿ ಹೋಗಲಾರರು. ಆದರೆ ಡಿ.ಆರ್. ನಾಗರಾಜ್ ಎತ್ತಿದ ಮತ್ತೊಂದು ಪ್ರಶ್ನೆಯೂ ನಮ್ಮ ಮುಂದಿದೆ: ಅವಮಾನದ ನೆನಪನ್ನು ಮಾತ್ರ ಉಳಿಸಿಕೊಂಡು, ನಮ್ಮ ಹಿರಿಯರ ದೇವರು, ಕನಸು, ಕುಶಲತೆಗಳನ್ನೆಲ್ಲ ಮೂಢನಂಬಿಕೆಯ ತಿಪ್ಪೆಗೆ ಎಸೆದರೆ ನಮ್ಮ ಕೈಯಲ್ಲಿ ಉಳಿಯುವುದೇನು? ದೇವನೂರ ಮಹಾದೇವರ 'ಕುಸುಮಬಾಲೆ'ಯಲ್ಲಿ ಜೋತಮ್ಮಗಳು ಮಾತಾಡುತ್ತವೆ. ಅವುಗಳ ಬಾಯಿ ಮುಚ್ಚಿಸಿದರೆ ಆ ಕಾದಂಬರಿಯೇ ಇಲ್ಲ. ಈರ್ಯಾನ ಕನಸು ಆ ಜೋತಮ್ಮಗಳ ಓಣಿಯದು. ನಾನು ಎರಡೂ ಮಾತು ಒಪ್ಪುತ್ತೇನೆ, ಎರಡನ್ನೂ ಒಂದು ಮಾಡುವ ಹವ್ಯಾಸಕ್ಕೆ ಹೋಗುವುದಿಲ್ಲ.

ತಗ್ಗು ತೋಡುವುದು ಸುಮ್ಮನೆ ಮಣ್ಣು ಎತ್ತುವ ಕೆಲಸ ಅಂತ ತಿಳಿದವರೂ ಇದ್ದಾರೆ. ನಮ್ಮ ಕಡೆ ಲಿಂಗಾಯತರಲ್ಲಿ ಹೆಣವನ್ನು ಕೂಡಿಸಿ ಹೂಳುತ್ತಾರೆ. ಕೂಡಿಸುವ ತಗ್ಗಿಗೆ ಬೇರೆ ಲೆಕ್ಕ, ಮಲಗಿಸುವ ತಗ್ಗಿಗೆ ಬೇರೆ ಲೆಕ್ಕ. ಎರಿ ಹೊಲದ ಮಣ್ಣು ಬೇಸಿಗೆಯಲ್ಲಿ ಕಲ್ಲಿನಂಗೆ, ಮಳೆಗಾಲದಲ್ಲಿ ಕಾಲು ಹಿಡಿಯುವ ಅಂಟು. ಮಸಬು ಭೂಮಿಯದು ಇನ್ನೊಂದು ಗುಣ. ಇದೆಲ್ಲ ತಲೆಮಾರಿನಿಂದ ಬಂದ ತಿಳಿವಳಿಕೆ. ಆ ತಿಳಿವಳಿಕೆ ಉಳ್ಳವನನ್ನು ಸತ್ತ ಮನೆಯ ಕಟ್ಟೆ ಮುಟ್ಟಗೊಡುವುದಿಲ್ಲ.

ಇಂಥವನ ಪಾತ್ರಕ್ಕೆ ಕಾಸರವಳ್ಳಿ ಹುಡುಕಿದ್ದು ಮೂವತ್ತು ವರ್ಷ ಕುಡುಕನಾಗಿ ತೂರಾಡಿದ ನಟನನ್ನು. ಸಿನಿಮಾದಲ್ಲಿ ಬಿರಾದಾರರ ಮೈ ಅದೇ: ಅದೇ ಸಣಕಲು ಕೈಕಾಲು, ಅದೇ ಗುಳಿಗಲ್ಲ. ಮೈ ಬದಲಾಗಿಲ್ಲ, ಅದನ್ನು ನೋಡುವ ಕಣ್ಣು ಬದಲಾಗಿದೆ. ಹಾಸ್ಯ ದೃಶ್ಯದಲ್ಲಿ ಆ ಮೈಯ ಮೇಲೆ ಕ್ಯಾಮೆರಾ ನಿಲ್ಲುತ್ತಿದ್ದದ್ದು ನಗು ಬರುವಷ್ಟು ಹೊತ್ತು ಮಾತ್ರ. ಇಲ್ಲಿ ಅದು ಅವನ ಜೊತೆ ಕೂಡುತ್ತದೆ, ನಡೆಯುತ್ತದೆ, ಅವನು ಸುಮ್ಮನಿದ್ದರೆ ತಾನೂ ಸುಮ್ಮನಿರುತ್ತದೆ. ತೂರಾಡುತ್ತಿದ್ದ ಕಾಲು ಇಲ್ಲಿ ನೆಲ ಬಲ್ಲ ಕಾಲು. ನಟನಿಗೆ ಕೊಡಬೇಕಾದದ್ದು ಬಹಳವೇನಲ್ಲ, ಸ್ವಲ್ಪ ಹೊತ್ತು. ಅಷ್ಟನ್ನು ಕೊಡಲು ಒಂದು ಉದ್ಯಮಕ್ಕೆ ಮೂವತ್ತು ವರ್ಷ ಬೇಕಾಯಿತು.

ರುದ್ರಿಯ ಪಾತ್ರ ಮಾಡಿದವರು ಉಮಾಶ್ರೀ. ಅವರದೂ ಇಂಥದೇ ಹಾದಿ. ರಂಗಭೂಮಿಯಲ್ಲಿ 'ಒಡಲಾಳ'ದ ಸಾಕವ್ವನಾಗಿ ಹೆಸರು ಮಾಡಿದವರನ್ನು ಸಿನಿಮಾ ಬಹಳ ಕಾಲ ದ್ವಂದ್ವಾರ್ಥದ ಹಾಸ್ಯಕ್ಕೆ ದುಡಿಸಿಕೊಂಡಿತು. ಅದೇ ಕಾಸರವಳ್ಳಿಯವರ 'ಗುಲಾಬಿ ಟಾಕೀಸ್' ಅವರಿಗೆ 2008ರ ಸಾಲಿನ ಶ್ರೇಷ್ಠ ನಟಿ ರಾಷ್ಟ್ರಪ್ರಶಸ್ತಿ ತಂದಿತು. 2013ರಲ್ಲಿ ತೇರದಾಳದಿಂದ ಗೆದ್ದು ಮಂತ್ರಿಯಾದರು. ಹಾಸ್ಯದ ಹೆಂಗಸು ಎಂದು ಮುದ್ರೆ ಬಿದ್ದ ಮೈ ವಿಧಾನಸೌಧದ ಮೆಟ್ಟಿಲು ಹತ್ತಿತು. ಬಿರಾದಾರರಿಗೆ ಅಂಥ ಮೆಟ್ಟಿಲು ಯಾವುದೂ ಇರಲಿಲ್ಲ.

ಇದ್ದದ್ದು ಸ್ಪೇನ್. 2011ರಲ್ಲಿ ಆ ದೇಶದ ಇಮ್ಯಾಜಿನ್ ಇಂಡಿಯಾ ಚಿತ್ರೋತ್ಸವ ಈರ್ಯಾನ ಪಾತ್ರಕ್ಕಾಗಿ ಬಿರಾದಾರರಿಗೆ ಶ್ರೇಷ್ಠ ನಟ ಪ್ರಶಸ್ತಿ ಕೊಟ್ಟಿತು. ಪತ್ರಿಕೆಗಳು ಬರೆದವು, ಸನ್ಮಾನಗಳಾದವು, ಶಾಲು ಹಾರ ಎಲ್ಲ ಆಯಿತು. ಆಮೇಲೆ? ಆಮೇಲೆ ಮತ್ತೆ ಸಣ್ಣ ಪಾತ್ರಗಳು. ಸನ್ಮಾನ ಎಂಬುದು ನಮ್ಮಲ್ಲಿ ಬಹಳ ಸಲ ಬಾಕಿ ತೀರಿಸದೆ ರಸೀದಿ ಬರೆದುಕೊಡುವ ಉಪಾಯ. ಪ್ರಶಸ್ತಿ ಬಂದ ನಾಯಕನ ಮುಂದೆ ನಿರ್ಮಾಪಕರು ಸಾಲುಗಟ್ಟುತ್ತಾರೆ. ಪ್ರಶಸ್ತಿ ಬಂದ ಭಿಕ್ಷುಕನ ಪಾತ್ರಧಾರಿಗೆ ಇನ್ನೂ ಚೆನ್ನಾದ ಭಿಕ್ಷುಕನ ಪಾತ್ರ ಸಿಗುತ್ತದೆ.

ಎಪ್ಪತ್ತರ ಆಸುಪಾಸಿನಲ್ಲಿ ಅವರಿಗೆ ಮತ್ತೊಮ್ಮೆ ನಾಯಕನ ಜಾಗ ಸಿಕ್ಕಿತು. 2023ರಲ್ಲಿ ತೆರೆಗೆ ಬಂದ ಆ ಸಿನಿಮಾವನ್ನು ಬಿರಾದಾರರ 500ನೆಯ ಚಿತ್ರ ಎಂದು ಪ್ರಚಾರ ಮಾಡಿದರು. ಹೆಸರು '90 ಹೊಡಿ ಮನೀಗ್ ನಡಿ' ಎಂದು ಇಟ್ಟದ್ದು, ತೆರೆಗೆ ಬರುವಾಗ 'ಹೊಡಿ' ಹೋಗಿ 'ಬಿಡಿ' ಆಯಿತು. ತೊಂಬತ್ತು ಎಂಬುದು ಸೆರೆಯ ಅಳತೆ ಅಂತ ವಿವರಿಸಬೇಕಿಲ್ಲ. ಒಂದು ಕಡೆಯಿಂದ ನೋಡಿದರೆ ಇದು ಉತ್ತರ ಕರ್ನಾಟಕದ ಮಾತು ಶೀರ್ಷಿಕೆಯಲ್ಲೇ ಎದ್ದು ನಿಂತ ಸಂತೋಷ, ಹಿರಿಯ ಕಲಾವಿದನಿಗೆ ಪೋಸ್ಟರಿನ ನಡುವೆ ಜಾಗ ಸಿಕ್ಕ ಸಂತೋಷ. ಇನ್ನೊಂದು ಕಡೆಯಿಂದ ನೋಡಿದರೆ, 500 ಸಿನಿಮಾ ದಾಟಿ ಬಂದರೂ ಆ ಬಾಟಲಿ ಇವರ ಬೆನ್ನು ಬಿಟ್ಟಿಲ್ಲ. ನಾನು ನಕ್ಕೆನೋ, ನೊಂದೆನೋ ಎಂದು ಕೇಳಬೇಡಿ. ಎರಡೂ ಆಯಿತು.

ಈರ್ಯಾನ ಸಿನಿಮಾವನ್ನು ತಡವಾಗಿಯಾದರೂ ಕೇರಿಯಲ್ಲಿ ನಾಲ್ಕಾರು ಮಂದಿ ಕೂತು ನೋಡಿದೆವು. ದೊಡ್ಡಪ್ಪ ಅಷ್ಟೊತ್ತಿಗೆ ಇರಲಿಲ್ಲ. ನಿಧಾನ ಆಯಿತು ಅಂತ ಹುಡುಗರು ಅರ್ಧಕ್ಕೇ ಎದ್ದುಹೋದರು, ಅವರನ್ನು ದೂರಲಾರೆ. ದೊಡ್ಡಪ್ಪನ ತಗ್ಗು ತೋಡಿದ ನಮ್ಮ ಮಾವ ಒಬ್ಬರು ಮಾತ್ರ ಕೊನೆತನಕ ಅಲ್ಲಾಡದೆ ಕುಂತಿದ್ದರು. ಮುಗಿದ ಮೇಲೆ ಹೇಗನ್ನಿಸಿತು ಮಾವ ಎಂದು ಕೇಳಿದೆ. ಕನಸಿನ ಬಗ್ಗೆ, ಸಿದ್ಧನ ಬಗ್ಗೆ, ಗೌಡರ ಮೋಸದ ಬಗ್ಗೆ ಏನಾದರೂ ಅನ್ನುತ್ತಾರೆ ಅಂತ ನನ್ನ ನಿರೀಕ್ಷೆ. ಅವರು ಬೀಡಿ ಹಚ್ಚಿಕೊಂಡು, "ಇವಗ ಗುದ್ದಲಿ ಹಿಡಿಯಾಕ ಬರ್ತದ" ಅಂದರು. ಒಂದೆರಡು ಜುರುಕಿ ಎಳೆದು, "ಇಷ್ಟು ಮಾಡಿದ್ದಕ್ಕ ಇವಗ ಕೂಲಿ ಎಷ್ಟು ಕೊಟ್ಟಿದ್ರು?" ಅಂತ ಕೇಳಿದರು.